ಕೊಟ್ಟಿಗೆಯ ಸೂರು: ಶೀಟಿನ ಉಳಿತಾಯಕ್ಕೆ ಹಾಲಿನಲ್ಲಿ ಬೆಲೆ ಕಟ್ಟಬೇಡಿ



ಕಳೆದ ಬೇಸಿಗೆಯಲ್ಲಿ ಒಂದು ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಸಭೆಯಲ್ಲಿ ಸದಸ್ಯೆಯೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. ಈ ತಿಂಗಳ ಪಾಠವನ್ನು ಅಲ್ಲಿಂದಲೇ ಶುರು ಮಾಡೋಣ.

“ಹಳೇ ಹೆಂಚಿನ ಕೊಟ್ಟಿಗೆ ಕೆಡವಿ, ಸಾಲ ಮಾಡಿ ಹೊಸ ಶೀಟಿನ ಕೊಟ್ಟಿಗೆ ಕಟ್ಟಿಸಿದ್ವಿ. ನೆಲ ಚೆನ್ನಾಗಿದೆ, ಗೋದಲಿ ಚೆನ್ನಾಗಿದೆ. ಮೇವು, ಹಿಂಡಿ ಎಲ್ಲಾ ಮೊದಲಿನಷ್ಟೇ ಹಾಕ್ತಿದ್ದೀನಿ. ಆದ್ರೂ ಎರಡು ಹಸುವಿಂದ ದಿನಕ್ಕೆ ಮೂರು ಲೀಟರ್ ಕಡಿಮೆ ಆಗಿದೆ. ಹೊಸ ಕೊಟ್ಟಿಗೆಗೆ ಯಾರದಾದ್ರೂ ಕಣ್ಣು ಬಿತ್ತಾ?”

ಸಭೆ ಮುಗಿಸಿ ಮಧ್ಯಾಹ್ನ ಎರಡೂವರೆಗೆ ಅವರ ಕೊಟ್ಟಿಗೆಗೆ ಹೋದೆವು. ಸೂರಿನ ಅಂಚು ತಲೆಗೆ ತಾಗುವಷ್ಟು ತಗ್ಗಿನಲ್ಲಿತ್ತು. ಕಡುನೀಲಿ ಬಣ್ಣದ ತಗಡಿನ ಶೀಟು. ಮೂರು ಕಡೆ ಗೋಡೆ ಶೀಟಿನವರೆಗೂ ಏರಿತ್ತು. ಗಾಳಿಗೆ ಇದ್ದದ್ದು ಎರಡು ಸಣ್ಣ ಕಿಟಕಿ ಮಾತ್ರ. ಹಸುಗಳು ಮಲಗಿರಲಿಲ್ಲ. ನಿಂತೇ ಏದುಸಿರು ಬಿಡುತ್ತಿದ್ದವು, ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಗೋದಲಿಯಲ್ಲಿ ಬೆಳಗಿನ ಹಸಿಮೇವು ಅರ್ಧ ಹಾಗೇ ಬಾಡಿ ಬಿದ್ದಿತ್ತು. ಶೀಟಿನ ಒಳಮೈಗೆ ಕೈ ಇಟ್ಟರೆ ಒಂದು ಕ್ಷಣವೂ ಇಡಲಾಗಲಿಲ್ಲ.

ಯಾರ ಕಣ್ಣೂ ಬಿದ್ದಿರಲಿಲ್ಲ. ಬಿಸಿಲೇ ಸೂರಿನ ಮೂಲಕ ಒಳಗೆ ಇಳಿದಿತ್ತು.

ನಮ್ಮಲ್ಲಿ ಕೊಟ್ಟಿಗೆ ಕಟ್ಟುವಾಗ ಸೂರಿನ ವಿಷಯ ಕೊನೆಗೆ ಬರುತ್ತದೆ. ನೆಲಕ್ಕೆ, ಗೋಡೆಗೆ ದುಡ್ಡು ಖರ್ಚಾಗಿ ಉಳಿದದ್ದರಲ್ಲಿ ಯಾವ ಶೀಟು ಅಗ್ಗವೋ ಅದನ್ನು ತರುತ್ತೇವೆ. ಬಹಳ ಮನೆಗಳಲ್ಲಿ ಶೀಟು ಆರಿಸುವವರು ಗಂಡಸರು. ಅದರ ಕೆಳಗೆ ದಿನಕ್ಕೆ ನಾಲ್ಕೈದು ಗಂಟೆ ಕೆಲಸ ಮಾಡುವವರು ನೀವು. ಆದ್ದರಿಂದ ಸೂರಿನ ಆಯ್ಕೆ ನಿಮಗೆ ಗೊತ್ತಿರಲೇಬೇಕಾದ ವಿಷಯ.

ಶಾಖದಿಂದ ರಾಸಿಗೆ ಆಗುವುದೇನು?

ಹಸುವಿನ ಹೊಟ್ಟೆ ಒಂದು ಒಲೆ ಇದ್ದಂತೆ. ಮೇವು ಹುದುಗಿ ಜೀರ್ಣವಾಗುವಾಗ ಶಾಖ ಹುಟ್ಟುತ್ತದೆ. ಹೆಚ್ಚು ಹಾಲು ಕೊಡುವ ಹಸು ಹೆಚ್ಚು ತಿನ್ನುತ್ತದೆ, ಆದ್ದರಿಂದ ಅದರ ಮೈಯಲ್ಲಿ ಶಾಖವೂ ಹೆಚ್ಚು. ಆ ಶಾಖವನ್ನು ಹೊರಗೆ ಬಿಟ್ಟರೆ ಮಾತ್ರ ಅದರ ಮೈ ಬಿಸಿ ಸಹಜ ಮಟ್ಟದಲ್ಲಿ, ಅಂದರೆ ಸುಮಾರು 38.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಳಿಯುತ್ತದೆ. ಎಚ್.ಎಫ್. ಮಿಶ್ರತಳಿ ಹಸುವಿಗೆ ಹವೆಯ ಉಷ್ಣತೆ ಸುಮಾರು 25 ಡಿಗ್ರಿ ದಾಟಿದರೆ ಕಷ್ಟ ಶುರುವಾಗುತ್ತದೆ. ಹಳ್ಳಿಕಾರ್, ಖಿಲಾರಿ, ದೇವಣಿಯಂಥ ನಾಡತಳಿಗಳು ಹೆಚ್ಚು ತಡೆದುಕೊಳ್ಳುತ್ತವೆ. ಎಮ್ಮೆಗೆ ಕಪ್ಪು ಚರ್ಮ, ಬೆವರು ಗ್ರಂಥಿಗಳು ಕಡಿಮೆ. ನೆರಳು, ನೀರು ಇಲ್ಲದಿದ್ದರೆ ಅದು ಬೇಗ ಸೋಲುತ್ತದೆ.

ಶಾಖ ಹೊರಗೆ ಬಿಡಲು ಆಗದಿದ್ದಾಗ ಹಸು ತಿನ್ನುವುದನ್ನೇ ಕಡಿಮೆ ಮಾಡುತ್ತದೆ. ಒಲೆಗೆ ಸೌದೆ ಕಡಿಮೆ ಹಾಕಿದ ಹಾಗೆ. ಅದರ ಪರಿಣಾಮ ಒಂದೊಂದಾಗಿ ಕಾಣುತ್ತದೆ:

• ಹಾಲಿನ ಪ್ರಮಾಣ ಇಳಿಯುತ್ತದೆ. ಜಿಡ್ಡು, ಜಿಡ್ಡೇತರ ಘನಾಂಶ ಇಳಿದರೆ ಸಂಘದಲ್ಲಿ ದರವೂ ಇಳಿಯುತ್ತದೆ.
• ಬೆದೆ ಸರಿಯಾಗಿ ಕಾಣುವುದಿಲ್ಲ. ಕೃತಕ ಗರ್ಭಧಾರಣೆ ಮಾಡಿಸಿದರೂ ಮೊದಲ ವಾರದಲ್ಲೇ ಗರ್ಭ ನಿಲ್ಲದೆ ಹೋಗುವ ಸಾಧ್ಯತೆ ಹೆಚ್ಚು.
• ಹಸು ಮಲಗುವುದಿಲ್ಲ. ನಿಂತೇ ಇರುವುದರಿಂದ ಗೊರಸಿನ ತೊಂದರೆ ಹೆಚ್ಚುತ್ತದೆ.
• ಬತ್ತಿಸಿದ ಹಸುವಿಗೂ ಶಾಖ ಕೂಡದು. ಕರು ಹಾಕುವ ಮುಂಚಿನ ಎರಡು ತಿಂಗಳು ಬೇಗೆಯಲ್ಲಿ ಕಳೆದ ಹಸು ಮುಂದಿನ ಸೂಲಿನಲ್ಲಿ ಕಡಿಮೆ ಹಾಲು ಕೊಡುತ್ತದೆ. “ಈಗ ಹಾಲು ಕೊಡುತ್ತಿಲ್ಲ, ಹೊರಗೇ ಇರಲಿ” ಎಂದು ಅದನ್ನು ಬಿಸಿಲಿಗೆ ಕಟ್ಟಬೇಡಿ.

ನೇರ ಬಿಸಿಲಿನಲ್ಲಿ ನಿಂತ ಹಸುವಿನ ಮೇಲೆ ಬೀಳುವ ಶಾಖದಲ್ಲಿ ಶೇಕಡ 30ರಿಂದ 50ರಷ್ಟನ್ನು ಒಳ್ಳೆಯ ನೆರಳು ತಪ್ಪಿಸುತ್ತದೆ. ಆದರೆ ಸೂರೇ ಕಾದು ಹಂಚಿನಂತಾದರೆ ಆ ಲಾಭ ಕೈತಪ್ಪುತ್ತದೆ.

ಸೂರಿನಿಂದ ಶಾಖ ಇಳಿಯುವುದು ಹೇಗೆ?

ಮೂರು ಹಂತಗಳಿವೆ. ಇವನ್ನು ತಿಳಿದುಕೊಂಡರೆ ಯಾವ ಅಂಗಡಿಯವರ ಮಾತಿಗೂ ಮರುಳಾಗಬೇಕಿಲ್ಲ.

ಒಂದು, ಬಿಸಿಲನ್ನು ಹೀರುವುದು. ಕಡುಬಣ್ಣ ಹೆಚ್ಚು ಹೀರುತ್ತದೆ, ಬಿಳಿ ಬಣ್ಣ ಹಿಂದಕ್ಕೆ ಕಳಿಸುತ್ತದೆ. ಬೇಸಿಗೆಯಲ್ಲಿ ಕಪ್ಪು ಸೀರೆ, ಬಿಳಿ ಸೀರೆ ಉಟ್ಟಾಗಿನ ವ್ಯತ್ಯಾಸ ನಿಮಗೇ ಗೊತ್ತು.

ಎರಡು, ಶಾಖ ಒಳಕ್ಕೆ ದಾಟುವುದು. ಅರ್ಧ ಮಿಲಿಮೀಟರ್ ದಪ್ಪದ ತಗಡು ಶಾಖವನ್ನು ತಡೆಯುವುದೇ ಇಲ್ಲ ಎಂದರೂ ನಡೆಯುತ್ತದೆ. ಮೇಲ್ಮೈ ಕಾದ ಸ್ವಲ್ಪ ಹೊತ್ತಿನಲ್ಲೇ ಒಳಮೈಯೂ ಕಾಯುತ್ತದೆ. ಉರಿಬಿಸಿಲಿನಲ್ಲಿ ಕಡುಬಣ್ಣದ ತಗಡು 60 ಡಿಗ್ರಿ ದಾಟುವುದು ಅಪರೂಪವಲ್ಲ. ಹೆಂಚು, ಹುಲ್ಲು, ಥರ್ಮಾಕೋಲ್ ಇವು ಶಾಖವನ್ನು ನಿಧಾನವಾಗಿ ದಾಟಿಸುತ್ತವೆ. ಅಷ್ಟೇ ದಪ್ಪದ ಹೆಂಚಿನ ಮಣ್ಣಿಗೆ ಹೋಲಿಸಿದರೆ ಥರ್ಮಾಕೋಲ್ ಸುಮಾರು ಇಪ್ಪತ್ತು ಪಟ್ಟು ಹೆಚ್ಚು ತಡೆಯುತ್ತದೆ. ಒಳಗೆ ಸಿಕ್ಕಿಕೊಂಡ ಅಲುಗಾಡದ ಗಾಳಿಯೇ ಇದಕ್ಕೆ ಕಾರಣ. ಹುಲ್ಲಿನ ಸೂರು ತಂಪಾಗಿರುವುದೂ ಇದೇ ಗುಣದಿಂದ.

ಮೂರು, ಕಾದ ಒಳಮೈ ಕೆಳಗಿರುವ ಹಸುವಿನ ಬೆನ್ನಿಗೆ ಶಾಖ ಸೂಸುವುದು. ರೊಟ್ಟಿ ಹಂಚನ್ನು ಮುಟ್ಟದಿದ್ದರೂ ಅದರ ಮುಂದೆ ಕೂತವರ ಮುಖಕ್ಕೆ ಬಿಸಿ ತಟ್ಟುತ್ತದಲ್ಲ, ಹಾಗೆ. ಸೂರು ತಗ್ಗಿದಷ್ಟೂ ಈ ಬಿಸಿ ಹೆಚ್ಚು.

ಆದ್ದರಿಂದ ಸೂರಿನ ಆಯ್ಕೆ ಎಂದರೆ ಮೇಲ್ಮೈ ಬೆಳ್ಳಗಿರಬೇಕು, ನಡುವೆ ತಡೆ ಇರಬೇಕು, ಕೆಳಗೆ ಎತ್ತರ ಮತ್ತು ಗಾಳಿ ಇರಬೇಕು. ಈ ಮೂರರಲ್ಲಿ ಯಾವುದನ್ನು ಎಷ್ಟು ಖರ್ಚಿನಲ್ಲಿ ಪಡೆಯಬಹುದು ಎಂಬುದೇ ಲೆಕ್ಕ.

ಮೊದಲು ದಿಕ್ಕು, ಎತ್ತರ, ಗಾಳಿ

ಶೀಟಿನ ಅಂಗಡಿಗೆ ಹೋಗುವ ಮೊದಲೇ ತೀರ್ಮಾನವಾಗಬೇಕಾದ ವಿಷಯಗಳಿವು. ಇವುಗಳಿಗೆ ಖರ್ಚು ಕಡಿಮೆ. ಆದರೆ ಕಟ್ಟಿದ ಮೇಲೆ ಬದಲಾಯಿಸುವುದು ಕಷ್ಟ.

*ದಿಕ್ಕು:* ಕೊಟ್ಟಿಗೆಯ ಉದ್ದ ಪೂರ್ವ–ಪಶ್ಚಿಮವಾಗಿರಲಿ. ಆಗ ಬೆಳಗಿನ, ಸಂಜೆಯ ಓರೆ ಬಿಸಿಲು ಚಿಕ್ಕ ಬದಿಗಳಿಗೆ ಮಾತ್ರ ಬೀಳುತ್ತದೆ. ಜಾಗದ ಕಾರಣಕ್ಕೆ ಉತ್ತರ–ದಕ್ಷಿಣ ಕಟ್ಟಲೇಬೇಕಾದರೆ ಪಶ್ಚಿಮದ ಬದಿಗೆ ಹೊಂಗೆ, ಬೇವಿನಂಥ ಮರ ಬೆಳೆಸಿ.

*ಎತ್ತರ:* ಅಂಚಿನಲ್ಲಿ ಕನಿಷ್ಠ 8 ಅಡಿ ಇರಲಿ. ಎರಡು ಇಳಿಜಾರಿನ ಸೂರಾದರೆ ನಡುವಿನ ಶಿಖರ 12ರಿಂದ 15 ಅಡಿ ಇರಲಿ. ಎತ್ತರಿಸಿದರೆ ಎರಚಲು ಮಳೆ, ಓರೆ ಬಿಸಿಲು ಬರುತ್ತದೆ ನಿಜ. ಅದಕ್ಕೆ ಸೂರಿನ ಅಂಚನ್ನು ಎರಡೂವರೆ ಅಡಿ ಹೊರಚಾಚಿಸಿ. ಎತ್ತರ ತಗ್ಗಿಸುವುದು ಪರಿಹಾರವಲ್ಲ.

*ಗಾಳಿ:* ಉದ್ದನೆಯ ಬದಿಗಳಲ್ಲಿ ಗೋಡೆ ಮೂರು–ನಾಲ್ಕು ಅಡಿ ಸಾಕು, ಮೇಲೆ ತೆರೆದಿರಲಿ. ಕಳ್ಳರ, ಚಿರತೆಯ ಭಯವಿರುವ ಕಡೆ ಗೋಡೆ ಏರಿಸುವ ಬದಲು ಜಾಲರಿ ಹಾಕಿ. ಮಳೆಗಾಲಕ್ಕೆ, ಚಳಿಗೆ ಗೋಣಿತಾಟನ್ನು ಇಳಿಬಿಟ್ಟು, ಬೇಡವಾದಾಗ ಸುತ್ತಿಡಬಹುದು.

*ಶಿಖರದ ಸಂದು:* ಬಿಸಿ ಗಾಳಿ ಮೇಲೇರುತ್ತದೆ. ಅದಕ್ಕೆ ಹೊರಹೋಗಲು ದಾರಿ ಬೇಕು. ಎರಡು ಇಳಿಜಾರು ಸೇರುವ ಶಿಖರದಲ್ಲಿ ಕೊಟ್ಟಿಗೆಯ ಅಗಲದ ಪ್ರತಿ 10 ಅಡಿಗೆ 2 ಇಂಚಿನಂತೆ ಸಂದು ಬಿಡಿಸಿ. 20 ಅಡಿ ಅಗಲದ ಕೊಟ್ಟಿಗೆಗೆ 4 ಇಂಚು. ಅದರ ಮೇಲೆ ಸ್ವಲ್ಪ ಎತ್ತರದಲ್ಲಿ ಸಣ್ಣ ಟೊಪ್ಪಿಗೆ ಶೀಟು ಕೂರಿಸಿದರೆ ಮಳೆ ಒಳಗೆ ಬರುವುದಿಲ್ಲ.

*ಜಾಗ:* ದೊಡ್ಡ ಹಸುವಿಗೆ ಸೂರಿನ ಕೆಳಗೆ 3.5 ಚದರ ಮೀಟರ್, ಅಂದರೆ ಸುಮಾರು 38 ಚದರ ಅಡಿ. ಎಮ್ಮೆಗೆ 4 ಚದರ ಮೀಟರ್ ಬೇಕು. ಇದಕ್ಕಿಂತ ಇಕ್ಕಟ್ಟಾದರೆ ಒಂದರ ಮೈ ಬಿಸಿ ಇನ್ನೊಂದಕ್ಕೆ ತಟ್ಟುತ್ತದೆ.

ಯಾವ ಹೊದಿಕೆ ಆರಿಸಬೇಕು?

*ಮಂಗಳೂರು ಹೆಂಚು.* 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದಾಗಿನಿಂದ ಈ ಹೆಂಚು ನಮ್ಮ ನಾಡಿನ ಮನೆ, ಶಾಲೆ, ಕೊಟ್ಟಿಗೆಗಳನ್ನು ಕಾದಿದೆ. ಶಾಖವನ್ನು ನಿಧಾನವಾಗಿ ಬಿಡುತ್ತದೆ, ಹೆಂಚುಗಳ ಸಂದುಗಳಲ್ಲಿ ಬಿಸಿ ಗಾಳಿ ಹೊರಹೋಗುತ್ತದೆ, ತುಕ್ಕು ಹಿಡಿಯುವುದಿಲ್ಲ, ಒಡೆದದ್ದನ್ನು ಮಾತ್ರ ಬದಲಾಯಿಸಬಹುದು. ಇದಕ್ಕೆ ಇಳಿಜಾರು ಚೆನ್ನಾಗಿರಬೇಕು. ಎರಡು ಅಡಿ ಹೋದರೆ ಒಂದು ಅಡಿ ಇಳಿಯುವಷ್ಟಾದರೂ ಇರಲಿ. ಹೆಂಚೊಂದು 2ರಿಂದ 3 ಕಿಲೋ ತೂಗುವುದರಿಂದ ಪಕಾಸಿ, ರೀಪು ಗಟ್ಟಿಯಾಗಿರಬೇಕು. ಖರ್ಚು ಏರುವುದು ಈ ಮರದಿಂದ. ಕೋತಿ ಕಾಟವಿರುವ ಊರಿನಲ್ಲಿ ವರ್ಷವೂ ಕೈಯಾಡಿಸಬೇಕು. ಕೊಳ್ಳುವಾಗ ಗೆಣ್ಣಿನಿಂದ ಬಡಿದು ನೋಡಿ: ಚೆನ್ನಾಗಿ ಬೆಂದ ಹೆಂಚು ಟಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಕೇಳುತ್ತದೆ. ಹಳೆಯ ಮನೆ ಕೆಡವಿದ ಕಡೆ ಒಳ್ಳೆಯ ಹೆಂಚು ಕಡಿಮೆ ಬೆಲೆಗೆ ಸಿಗುತ್ತದೆ.

*ಹುಲ್ಲು, ಸೋಗೆ, ತೆಂಗಿನ ಗರಿ.* ತಂಪಿನಲ್ಲಿ ಇದನ್ನು ಮೀರಿಸುವುದು ಕಷ್ಟ. ಆದರೆ ಒಂದೆರಡು ವರ್ಷಕ್ಕೊಮ್ಮೆ ಹೊದಿಸಬೇಕು, ಹುಳ–ಇಲಿ ಸೇರುತ್ತವೆ, ಎಲ್ಲಕ್ಕಿಂತ ಮುಖ್ಯವಾಗಿ ಬೆಂಕಿಯ ಭಯ. ಸೊಳ್ಳೆಗೆ ಹೊಗೆ ಹಾಕುವಾಗ ಹಾರಿದ ಒಂದು ಕಿಡಿ ಸಾಕು, ಕಟ್ಟಿದ ಹಸು ತಪ್ಪಿಸಿಕೊಳ್ಳಲಾರದು. ಈ ಸೂರಿನಡಿ ಹೊಗೆ ಹಾಕಬೇಡಿ, ವೈರನ್ನು ಪೈಪಿನೊಳಗೆ ಎಳೆಸಿ, ಹಗ್ಗ ಬೇಗ ಬಿಚ್ಚುವಂತೆ ಕಟ್ಟಿ.

*ಜಿಐ ತಗಡು ಮತ್ತು ಬಣ್ಣದ ಶೀಟು.* ಹಗುರ, ಬೇಗ ಹಾಕಬಹುದು, ಕಂಬಕ್ಕೆ ಭಾರ ಕಡಿಮೆ. ಆದರೆ ಮೇಲೆ ಹೇಳಿದಂತೆ ಶಾಖ ತಡೆಯುವ ಗುಣ ಇಲ್ಲ. ಇದನ್ನೇ ಹಾಕುವುದಾದರೆ ಬಿಳಿ ಅಥವಾ ತೆಳುಬಣ್ಣದ್ದನ್ನು ಕೇಳಿ. ಕಡುನೀಲಿ, ಕೆಂಪು, ಹಸಿರು ನೋಡಲು ಚೆಂದ, ಹಸುವಿಗೆ ಬೆಂಕಿ. ಕೊಟ್ಟಿಗೆಯಲ್ಲಿ ಗಂಜಲದಿಂದ ಏಳುವ ಅಮೋನಿಯ ಮತ್ತು ತೇವ ತಗಡಿನ ಒಳಮೈಯನ್ನು ತಿನ್ನುತ್ತವೆ. ಆದ್ದರಿಂದ ದಪ್ಪದ ಜೊತೆಗೆ ಸತುವಿನ ಲೇಪ ಎಷ್ಟು ಎಂದೂ ಕೇಳಿ. ಚದರ ಮೀಟರಿಗೆ 120 ಗ್ರಾಂ ಲೇಪದ ತಗಡಿಗಿಂತ 275 ಗ್ರಾಂ ಲೇಪದ್ದು ಬಹಳ ಹೆಚ್ಚು ಬಾಳುತ್ತದೆ. ಚಳಿಗಾಲದ ಬೆಳಗಿನ ಜಾವ ತಗಡಿನ ಒಳಮೈ ಬೆವತು ತೊಟ್ಟಿಕ್ಕುವುದನ್ನು ನೀವು ನೋಡಿರಬಹುದು. ಅದು ಸೋರಿಕೆಯಲ್ಲ, ಹಸುಗಳ ಉಸಿರಿನ ತೇವ ತಣ್ಣನೆಯ ತಗಡಿಗೆ ತಾಗಿ ನೀರಾಗುವುದು. ಒಳಪದರ ಹಾಕಿ, ಶಿಖರದ ಸಂದು ಬಿಟ್ಟರೆ ಇದು ಕಡಿಮೆಯಾಗುತ್ತದೆ.

*ಸಿಮೆಂಟ್ ಶೀಟು.* ತಗಡಿಗಿಂತ ಕಡಿಮೆ ಕಾಯುತ್ತದೆ, ತುಕ್ಕಿಲ್ಲ, ಬೆಲೆಯೂ ಕೈಗೆಟುಕುತ್ತದೆ. ಆದರೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಬೆರೆತ ಶೀಟಿನ ವಿಷಯದಲ್ಲಿ ಎಚ್ಚರ ಬೇಕು. ಎಲ್ಲ ಬಗೆಯ ಕಲ್ನಾರಿನ ಧೂಳೂ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸುಮ್ಮನೆ ಸೂರಿನ ಮೇಲಿರುವ ಗಟ್ಟಿ ಶೀಟಿಗಿಂತ ಅದನ್ನು ಕೊಯ್ಯುವಾಗ, ತೂತು ಕೊರೆಯುವಾಗ, ಒಡೆದ ಚೂರನ್ನು ಗುಡಿಸುವಾಗ ಅಪಾಯ ಹೆಚ್ಚು. ಗುಡಿಸುವವರು ಯಾರು? ನೀವೇ. ಒಡೆದ ಶೀಟಿನ ಪುಡಿಯನ್ನು ಒಣಗಿದ ಪೊರಕೆಯಲ್ಲಿ ಗುಡಿಸಬೇಡಿ. ನೀರು ಚಿಮುಕಿಸಿ, ಮೂಗು–ಬಾಯಿಗೆ ಸರಿಯಾದ ಮಾಸ್ಕ್ ಹಾಕಿ, ಒದ್ದೆಯಾಗಿಯೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಹಳೆಯ ಚೂರುಗಳನ್ನು ದಾರಿಯ ಗುಂಡಿ ಮುಚ್ಚಲು, ಪಾತ್ರೆ ಉಜ್ಜುವ ಜಾಗಕ್ಕೆ ಹಾಸಲು ಬಳಸಬೇಡಿ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ಹೊಸದು ಕೊಳ್ಳುವಾಗ ಕಲ್ನಾರು ಇಲ್ಲದ ಫೈಬರ್ ಸಿಮೆಂಟ್ ಶೀಟನ್ನೇ ಕೇಳಿ. ಇನ್ನೊಂದು ಮಾತು: ಯಾವ ಸಿಮೆಂಟ್ ಶೀಟಿನ ಮೇಲೂ ನೇರವಾಗಿ ಕಾಲಿಡಬೇಡಿ. ಸೋರುವ ಕಡೆ ನೋಡಲು ಹತ್ತಿ, ಶೀಟು ಮುರಿದು ಕೆಳಗೆ ಬಿದ್ದು ಬೆನ್ನು ಮುರಿದುಕೊಂಡವರಿದ್ದಾರೆ. ಹಲಗೆ ಅಡ್ಡ ಇಟ್ಟು, ಅದರ ಮೇಲೆ ನಡೆಯಬೇಕು.

*ಆರ್‌ಸಿಸಿ ತಾರಸಿ.* ಗಟ್ಟಿ, ಬಹುಕಾಲ ಬಾಳುತ್ತದೆ. ಆದರೆ ಹಗಲೆಲ್ಲ ಹೀರಿದ ಶಾಖವನ್ನು ರಾತ್ರಿ ಹೊರಗೆ ಬಿಡುತ್ತದೆ. ಹಸು ತಣ್ಣಗಾಗಬೇಕಾದ ಹೊತ್ತಿನಲ್ಲೇ ಸೂರು ಬಿಸಿಯಾಗಿರುತ್ತದೆ. ತಾರಸಿ ಇದ್ದರೆ ಮೇಲೆ ಸುಣ್ಣ ಬಳಿಸಿ, ಬದಿಗಳನ್ನು ತೆರೆದಿಡಿ, ಬೇಸಿಗೆಯ ರಾತ್ರಿ ರಾಸುಗಳನ್ನು ಬಯಲಿನಲ್ಲಿ ಕಟ್ಟಿ. ರಾಯಚೂರು, ಕಲಬುರಗಿ ಕಡೆಯ ಹಳೆಯ ಮಣ್ಣಿನ ಮಾಳಿಗೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹಗಲು ತಂಪು ಕೊಟ್ಟರೂ ಗಾಳಿಯಾಡದ ಮಾಳಿಗೆಯೊಳಗೆ ರಾತ್ರಿ ದನ ಕಟ್ಟುವುದು ಒಳ್ಳೆಯದಲ್ಲ.

ಶಾಖ ತಡೆಯುವ ಪದರ

ಹೊದಿಕೆಯ ಕೆಳಗೆ ಅಥವಾ ಮೇಲೆ ಒಂದು ತಡೆಪದರ ಸೇರಿಸಿದರೆ ತಗಡಿನ ದೋಷ ಬಹುಪಾಲು ನೀಗುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಬಗೆಗಳು ಇವು:

1. ಪಫ್ ಪ್ಯಾನೆಲ್: ಎರಡು ತಗಡಿನ ನಡುವೆ ನೊರೆಯಂಥ ಗಟ್ಟಿ ಪದರ. ತಡೆ ತುಂಬಾ ಚೆನ್ನಾಗಿದೆ, ಬೆವರುವುದಿಲ್ಲ. ಬೆಲೆ ಹೆಚ್ಚು. ಹತ್ತಾರು ಹಸುಗಳಿರುವ ಕೊಟ್ಟಿಗೆಗೆ ಮಾತ್ರ ಲೆಕ್ಕ ಹೊಂದುತ್ತದೆ.

2. ಥರ್ಮಾಕೋಲ್: ಅಗ್ಗ, ತಡೆಯೂ ಒಳ್ಳೆಯದು. ಆದರೆ ಬೇಗ ಹೊತ್ತಿಕೊಂಡು ವಿಷದ ಕಪ್ಪು ಹೊಗೆ ಬಿಡುತ್ತದೆ. ಇಲಿ, ಇರುವೆ ಕೊರೆಯುತ್ತವೆ. ಬೆಂಕಿ ಬೇಗ ಹಿಡಿಯದ ದರ್ಜೆಯದನ್ನೇ ಕೇಳಿ, ಬರಿಮೈಯಾಗಿ ಬಿಡದೆ ಕೆಳಗೆ ತೆಳು ಹಲಗೆ ಹೊದಿಸಿ, ಅದರ ಪಕ್ಕ ವೈರು ಹಾಯಿಸಬೇಡಿ.

3. ಅಲ್ಯೂಮಿನಿಯಂ ಹಾಳೆಯ ಗುಳ್ಳೆ ಪದರ: ಹೊಳೆಯುವ ಮೈ ಶಾಖ ಸೂಸುವುದನ್ನು ತಡೆಯುತ್ತದೆ. ಆದರೆ ಹೊಳೆಯುವ ಮೈಯ ಮುಂದೆ ಒಂದಿಂಚಾದರೂ ಖಾಲಿ ಜಾಗ ಇರಲೇಬೇಕು. ತಗಡಿಗೆ ಎರಡೂ ಕಡೆ ಅಂಟಿ ಕೂತರೆ ಅರ್ಧ ಪ್ರಯೋಜನವೂ ಇಲ್ಲ. ಧೂಳು ಕೂತರೆ ಗುಣ ಕಡಿಮೆಯಾಗುತ್ತದೆ, ವರ್ಷಕ್ಕೊಮ್ಮೆ ಒರೆಸಿ.

4. ಬಿದಿರಿನ ತಟ್ಟಿ, ಈಚಲ ಚಾಪೆ: ಶೀಟಿನ ಕೆಳಗೆ ನಾಲ್ಕಾರು ಇಂಚು ಬಿಟ್ಟು ಅಡ್ಡ ಕಟ್ಟಿದರೆ, ಕಾದ ಶೀಟಿಗೂ ಹಸುವಿಗೂ ನಡುವೆ ಒಂದು ಮರೆ ಸಿಗುತ್ತದೆ. ನಡುವಿನ ಬಿಸಿ ಗಾಳಿ ಬದಿಯಿಂದ ಹೊರಹೋಗುವಂತೆ ಎರಡೂ ತುದಿ ತೆರೆದಿರಲಿ. ಹೆಚ್ಚಿನ ಸದಸ್ಯೆಯರಿಗೆ ಕೈಗೆಟುಕುವ ದಾರಿ ಇದು.

ಈಗಾಗಲೇ ಶೀಟು ಹಾಕಿಸಿಬಿಟ್ಟಿದ್ದರೆ?

ಕಿತ್ತು ಹಾಕಬೇಕಿಲ್ಲ. ಕಡಿಮೆ ಖರ್ಚಿನದ್ದರಿಂದ ಶುರು ಮಾಡಿ.

• *ಬಿಳಿ ಬಳಿಯಿರಿ.* ಸಿಮೆಂಟ್ ಶೀಟು, ಹೆಂಚು, ತಾರಸಿಗೆ ಸೋಸಿದ ಸುಣ್ಣಕ್ಕೆ ಅಂಟು ಬೆರೆಸಿ, ಗಟ್ಟಿ ಮಜ್ಜಿಗೆಯ ಹದದಲ್ಲಿ ಎರಡು ಕೈ ಬಳಿಯಿರಿ. ಶಿವರಾತ್ರಿಯ ಹೊತ್ತಿಗೆ ಮುಗಿಸಿದರೆ ಇಡೀ ಬೇಸಿಗೆಗೆ ಆಗುತ್ತದೆ; ಮಳೆಗೆ ತೊಳೆದು ಹೋದರೆ ಮುಂದಿನ ವರ್ಷ ಮತ್ತೆ. ಜಿಐ ತಗಡಿಗೆ ಮಾತ್ರ ಸುಣ್ಣ ಬೇಡ. ಹಸಿ ಸುಣ್ಣದ ಕ್ಷಾರ ಸತುವಿನ ಲೇಪವನ್ನು ತಿನ್ನುತ್ತದೆ. ಅದಕ್ಕೆ ಹೊರಮೈಗೆ ಬಳಿಯುವ ಬಿಳಿ ಅಕ್ರಿಲಿಕ್ ಬಣ್ಣ ಅಥವಾ ಸೂರು ತಂಪಾಗಿಸುವ ಬಿಳಿ ಬಣ್ಣ ಬಳಸಿ.
• *ಮೇಲೆ ಗರಿ ಹೊದಿಸಿ.* ಫೆಬ್ರವರಿಯಿಂದ ಮೇ ತನಕ ತೆಂಗಿನ ಗರಿ, ಅಡಿಕೆ ಸೋಗೆ, ಕಬ್ಬಿನ ರವದಿ ಹರಡಿ ಹಗ್ಗದಿಂದ ಬಿಗಿಯಿರಿ. ಮಳೆ ಹಿಡಿಯುವ ಮೊದಲು ತೆಗೆದುಬಿಡಿ. ಕೊಳೆತು ಕೂತರೆ ತಗಡು ತುಕ್ಕು ಹಿಡಿಯುತ್ತದೆ.
• *ಬಳ್ಳಿ ಹಬ್ಬಿಸಿ.* ಸೋರೆ, ಹೀರೆ, ಚಪ್ಪರದವರೆ ಬಳ್ಳಿಗೆ ಸೂರಿನಿಂದ ಒಂದಡಿ ಮೇಲೆ ತಂತಿ ಚಪ್ಪರ ಮಾಡಿ. ನೆರಳೂ ಆಯಿತು, ಸಾರಿಗೆ ತರಕಾರಿಯೂ ಆಯಿತು.
• *ಗೋಡೆಯ ಮೇಲ್ಭಾಗ ತೆರೆಯಿರಿ.* ಸೂರಿನ ಭಾರ ಗೋಡೆಯ ಮೇಲಿಲ್ಲದೆ ಕಂಬದ ಮೇಲಿದೆ ಎಂದು ಮೇಸ್ತ್ರಿಯಿಂದ ಖಚಿತ ಮಾಡಿಕೊಂಡು, ಉದ್ದನೆಯ ಬದಿಯ ಎರಡು ಮೂರು ವರಸೆ ಇಟ್ಟಿಗೆ ತೆಗೆಸಿ.
• *ನೀರು ಚಿಮುಕಿಸುವುದು.* ಒಣಹವೆಯ ಬಯಲುಸೀಮೆಯಲ್ಲಿ ಸೂರಿನ ಮೇಲೆ ನೀರು ಚಿಮುಕಿಸಿದರೆ ಒಳ್ಳೆಯ ತಂಪು. ಆದರೆ ನೀರಿಗೇ ಬರವಿದ್ದರೆ ಮೊದಲ ಪಾಲು ಹಸುವಿನ ಬಾಯಿಗೆ. ಕರಾವಳಿಯಲ್ಲಿ ಗಾಳಿಯೇ ತೇವವಾಗಿರುವುದರಿಂದ ಕೊಟ್ಟಿಗೆಯೊಳಗೆ ಮಂಜು ಚಿಮುಕಿಸುವ ಸಾಧನಗಳು ಉಪಕಾರಕ್ಕಿಂತ ಸೆಕೆಯನ್ನೇ ಹೆಚ್ಚಿಸಬಹುದು. ಅಲ್ಲಿ ಫ್ಯಾನು ಮೇಲು.

ಮುಂಗಾರು ಪೂರ್ವದ ಗಾಳಿಗೆ ಸೂರು ಹಾರದಿರಲಿ

ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಶೀಟು ಹಾರಿಹೋಗುವುದು ಪ್ರತಿವರ್ಷದ ಸುದ್ದಿ. ಹಾರಿದ ಶೀಟು ಕತ್ತಿಯಂತೆ. ಕಟ್ಟಡಗಳ ಮೇಲಿನ ಗಾಳಿಯ ಒತ್ತಡಕ್ಕೆ ಭಾರತೀಯ ಮಾನಕವಾದ ಐಎಸ್ 875ರ ಮೂರನೇ ಭಾಗ ಪ್ರತಿ ಪ್ರದೇಶಕ್ಕೂ ಒಂದು ಮೂಲ ವೇಗ ಗೊತ್ತುಮಾಡಿದೆ. ಬೆಂಗಳೂರಿಗೆ ಅದು ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಗಂಟೆಯ ಲೆಕ್ಕದಲ್ಲಿ ಸುಮಾರು 119 ಮತ್ತು 140 ಕಿಲೋಮೀಟರ್. ಸೂರು ಇಂಥ ಗಾಳಿಯನ್ನು ತಡೆಯುವಂತಿರಬೇಕು.

ಹಸುವಿಗಾಗಿ ನಾವು ಬದಿಗಳನ್ನು ತೆರೆದಿಡಲು ಹೇಳಿದೆವು. ತೆರೆದ ಕೊಟ್ಟಿಗೆಯಲ್ಲಿ ಬಿರುಗಾಳಿ ಒಳನುಗ್ಗಿ ಸೂರನ್ನು ಕೆಳಗಿನಿಂದ ಎತ್ತುತ್ತದೆ, ಮೇಲೆ ಹಾಯುವ ಗಾಳಿ ಎಳೆಯುತ್ತದೆ. ಆದ್ದರಿಂದ ತೆರೆದ ಕೊಟ್ಟಿಗೆಗೆ ಬಿಗಿತ ಇನ್ನೂ ಹೆಚ್ಚು ಬೇಕು. ಇವುಗಳನ್ನು ಎದುರಿಗೆ ನಿಂತು ಮಾಡಿಸಿ:

• ಶೀಟಿನ ಮೇಲೆ ಕಲ್ಲು, ಟೈರು ಹೇರುವುದು ಬಿಗಿತವಲ್ಲ. ಜೆ ಆಕಾರದ ಕೊಕ್ಕೆ ಬೋಲ್ಟ್ ಅಥವಾ ಸರಿಯಾದ ತಿರುಪು ಮೊಳೆಯಿಂದ ಅಡ್ಡಪಟ್ಟಿಗೆ ಬಿಗಿಸಬೇಕು.
• ಅಲೆ ಶೀಟಿನಲ್ಲಿ ಬೋಲ್ಟು ಅಲೆಯ ಉಬ್ಬಿನ ಮೇಲೆ ಬರಲಿ. ತಗ್ಗಿನಲ್ಲಿ ಕೊರೆದರೆ ನೀರು ಸೋರುತ್ತದೆ. ಪ್ರತಿ ಬೋಲ್ಟಿಗೂ ವಾಷರ್ ಇರಲಿ.
• ಅಂಚು, ಮೂಲೆ, ಶಿಖರದಲ್ಲಿ ಗಾಳಿಯ ಎಳೆತ ಹೆಚ್ಚು. ಅಲ್ಲಿ ಬೋಲ್ಟುಗಳು ಹತ್ತಿರ ಹತ್ತಿರ ಇರಲಿ.
• ಮೇಲಿನ ಶೀಟು ಕೆಳಗಿನ ಶೀಟಿನ ಮೇಲೆ ಕನಿಷ್ಠ ಅರ್ಧ ಅಡಿ ಕೂರಲಿ. ಪಕ್ಕದ ಜೋಡಣೆಯ ತೆರೆದ ಬಾಯಿ ಮಳೆಗಾಳಿ ಬರುವ ದಿಕ್ಕಿಗೆ ಇರಬಾರದು.
• ಅಡ್ಡಪಟ್ಟಿ ಕಂಬಕ್ಕೆ, ಕಂಬ ಕಾಂಕ್ರೀಟ್ ಬುಡಕ್ಕೆ ಬಿಗಿಯಾಗಿರಬೇಕು. ಇಲ್ಲದಿದ್ದರೆ ಶೀಟಿನ ಜೊತೆ ಚೌಕಟ್ಟೇ ಎದ್ದುಹೋಗುತ್ತದೆ.
• ವಿದ್ಯುತ್ ತಂತಿಯ ಕೆಳಗೆ ಕೊಟ್ಟಿಗೆ ಕಟ್ಟಬೇಡಿ. ತಗಡಿನ ಸೂರಿಗೆ, ಕಬ್ಬಿಣದ ಕಂಬಕ್ಕೆ ಅರ್ಥಿಂಗ್ ಮಾಡಿಸಿ.

ಅಂಗಡಿಯಲ್ಲಿ ಕೇಳಿ, ಪಂಚಾಯಿತಿಯಲ್ಲಿ ವಿಚಾರಿಸಿ

ಶೀಟು, ಹೆಂಚಿಗೂ ಭಾರತೀಯ ಮಾನಕಗಳಿವೆ. ಜಿಐ ತಗಡಿಗೆ ಐಎಸ್ 277, ಮಂಗಳೂರು ಹೆಂಚಿಗೆ ಐಎಸ್ 654, ಕಲ್ನಾರು ಸಿಮೆಂಟ್ ಶೀಟಿಗೆ ಐಎಸ್ 459, ಕಲ್ನಾರಿಲ್ಲದ ಫೈಬರ್ ಸಿಮೆಂಟ್ ಶೀಟಿಗೆ ಐಎಸ್ 14871. ಶೀಟಿನ ಮೇಲಿನ ಅಚ್ಚಿನಲ್ಲಿ ಈ ಸಂಖ್ಯೆ ಓದಿದರೆ ಕಲ್ನಾರು ಇದೆಯೋ ಇಲ್ಲವೋ ನಿಮಗೇ ತಿಳಿಯುತ್ತದೆ. ದಪ್ಪ, ಲೇಪ, ಬಣ್ಣ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬಿಲ್ಲು ನಿಮ್ಮ ಹೆಸರಿನಲ್ಲೇ ಇರಲಿ.

ಕಟ್ಟುವ ಮೊದಲು ಗ್ರಾಮ ಪಂಚಾಯಿತಿಯಲ್ಲಿ ಅನುಮತಿಯ ಬಗ್ಗೆಯೂ, ದನದ ಕೊಟ್ಟಿಗೆಗೆ ಸರ್ಕಾರಿ ಯೋಜನೆಯ ನೆರವಿನ ಬಗ್ಗೆಯೂ ವಿಚಾರಿಸಿ. ನೆರವು ಪಡೆದು ಕಟ್ಟುವುದಾದರೆ ಅಂದಾಜು ಪಟ್ಟಿಯಲ್ಲಿರುವ ಅಳತೆಯಂತೆಯೇ ಕಟ್ಟಬೇಕು. ಆದ್ದರಿಂದ ಎತ್ತರ, ದಿಕ್ಕು, ಶೀಟಿನ ಬಗ್ಗೆ ಎಂಜಿನಿಯರ್ ಜೊತೆ ಮೊದಲೇ ಮಾತಾಡಿ. ಕಂಬ ನೆಟ್ಟ ಮೇಲೆ ಹೇಳಿದರೆ ಕೇಳುವವರಿಲ್ಲ.

ಒಂದು ಮನೆಲೆಕ್ಕ

ಮೂರು ಹಸುಗಳಿವೆ ಎಂದುಕೊಳ್ಳಿ. ಬೇಗೆಯಿಂದ ಒಂದೊಂದು ದಿನಕ್ಕೆ ಒಂದೇ ಲೀಟರ್ ಕಡಿಮೆ ಕೊಟ್ಟರೂ ಬೇಸಿಗೆಯ 90 ದಿನಕ್ಕೆ 270 ಲೀಟರ್ ನಷ್ಟ. ಲೀಟರಿಗೆ 35 ರೂಪಾಯಿ ಹಿಡಿದರೆ 9,450 ರೂಪಾಯಿ. ಒಂದು ಹಸು ಗರ್ಭ ಕಟ್ಟದೆ ಎರಡು ಬೆದೆ ತಪ್ಪಿದರೆ ಇನ್ನೂ ಒಂದೂವರೆ ತಿಂಗಳ ಮೇವಿನ ಖರ್ಚು ಸೇರುತ್ತದೆ. ಇದು ಒಂದು ವರ್ಷದ್ದು. ಶೀಟು ಹತ್ತಾರು ವರ್ಷ ಇರುತ್ತದೆ. ನಿಮ್ಮ ಸಂಘದ ದರ, ನಿಮ್ಮ ಹಸುಗಳ ಸಂಖ್ಯೆ ಹಾಕಿ ಇದೇ ಲೆಕ್ಕ ಮಾಡಿ. ಒಳ್ಳೆಯ ಸೂರಿಗೂ ಅಗ್ಗದ ಸೂರಿಗೂ ಇರುವ ಬೆಲೆಯ ವ್ಯತ್ಯಾಸವನ್ನು ಅದರ ಪಕ್ಕದಲ್ಲಿ ಬರೆಯಿರಿ. ಮನೆಯಲ್ಲಿ ಮಾತು ಬಂದಾಗ ಆ ಚೀಟಿಯನ್ನು ಮುಂದಿಡಿ.

ಈ ವಾರ ಮಾಡಿ ನೋಡಿ

1. ಮಧ್ಯಾಹ್ನ ಎರಡರಿಂದ ಮೂರು ಗಂಟೆಯೊಳಗೆ ಹಸುವಿನ ಪಕ್ಕೆ ನೋಡುತ್ತಾ ಒಂದು ನಿಮಿಷ ಉಸಿರು ಎಣಿಸಿ. 60ರೊಳಗಿದ್ದರೆ ಚಿಂತೆಯಿಲ್ಲ. 60ರಿಂದ 80 ಇದ್ದರೆ ಬೇಗೆ ತಟ್ಟಿದೆ. 80 ದಾಟಿದರೆ ಮೈಗೆ ನೀರು ಹಾಕಿ, ಗಾಳಿ ಬೀಸುವಂತೆ ಮಾಡಿ. ಬಾಯಿ ತೆರೆದು ನಾಲಿಗೆ ಚಾಚಿದ್ದರೆ ತಡಮಾಡದೆ ಪಶುವೈದ್ಯರನ್ನು ಕರೆಯಿರಿ.
2. ಅದೇ ಹೊತ್ತಿನಲ್ಲಿ ಹಸುವಿನ ಬೆನ್ನಿನ ಎತ್ತರದಲ್ಲಿ ಉಷ್ಣಮಾಪಕ ತೂಗುಹಾಕಿ ಅರ್ಧ ಗಂಟೆ ಬಿಡಿ. ಆಮೇಲೆ ಮರದ ನೆರಳಿನಲ್ಲಿ ಅಷ್ಟೇ ಹೊತ್ತು ಇಡಿ. ಕೊಟ್ಟಿಗೆಯೇ ಹೆಚ್ಚು ಬಿಸಿಯಿದ್ದರೆ ಸೂರಿನಲ್ಲಿ ದೋಷವಿದೆ.
3. ಬೆಳಗಿನ ಜಾವ ಶೀಟಿನ ಒಳಮೈ ತೊಟ್ಟಿಕ್ಕುತ್ತಿದೆಯೇ, ಎಷ್ಟು ಬೋಲ್ಟು ಸಡಿಲವಾಗಿವೆ, ಶಿಖರದಲ್ಲಿ ಸಂದು ಇದೆಯೇ ನೋಡಿ ಬರೆದಿಡಿ.
4. ಮೂರನ್ನೂ ಮುಂದಿನ ಸಂಘದ ಸಭೆಗೆ ತನ್ನಿ. ಹೆಂಚಿನ ಕೊಟ್ಟಿಗೆಯ ಲೆಕ್ಕ, ಶೀಟಿನ ಕೊಟ್ಟಿಗೆಯ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಿದರೆ ಪಾಠ ತಾನಾಗಿಯೇ ಅರ್ಥವಾಗುತ್ತದೆ.

ಇನ್ನು ನಮ್ಮ ಸದಸ್ಯೆಯ ವಿಷಯ. ಅವರು ಶೀಟು ಬದಲಾಯಿಸಲಿಲ್ಲ; ಸಾಲದ ಕಂತು ಇನ್ನೂ ಇತ್ತು. ನೀಲಿ ಶೀಟಿಗೆ ಬಿಳಿ ಬಣ್ಣ ಬಳಿಸಿದರು, ಒಳಗೆ ಬಿದಿರಿನ ತಟ್ಟಿ ಕಟ್ಟಿದರು, ಎರಡು ಬದಿಯ ಗೋಡೆಯ ಮೇಲ್ಭಾಗ ತೆಗೆಸಿದರು. ಮೊದಲ ದಿನ ಎಣಿಸಿದಾಗ ದೊಡ್ಡ ಹಸುವಿನ ಉಸಿರು ನಿಮಿಷಕ್ಕೆ 84 ಇತ್ತು. ಮೂರು ವಾರದ ನಂತರ ಅದೇ ಹೊತ್ತಿಗೆ 58. ಕಳೆದುಕೊಂಡ ಮೂರು ಲೀಟರಿನಲ್ಲಿ ಒಂದೂವರೆ ಲೀಟರ್ ಮರಳಿ ಬಂತು. ಉಳಿದದ್ದು ಆ ಸೂಲಿನಲ್ಲಿ ಬರಲಿಲ್ಲ. ಹಾಲಿನ ಇಳುವರಿ ಒಮ್ಮೆ ಜಾರಿದರೆ ಪೂರ್ತಿ ಮೇಲೆತ್ತುವುದು ಕಷ್ಟ. ಆದ್ದರಿಂದಲೇ ಕೊಟ್ಟಿಗೆಗೆ ಕಂಬ ನೆಡುವ ಮೊದಲೇ ಸೂರಿನ ಬಗ್ಗೆ ಯೋಚಿಸಿ.